ಮಲ್ಪೆ ದಕ್ಕೆಯಲ್ಲಿ, ಉಡುಪಿ ಅಡುಗೆಮನೆಯಲ್ಲಿ ಅನುವಾದದ ಆ್ಯಪ್: ಎಲ್ಲಿ ನಂಬಬಹುದು, ಎಲ್ಲಿ ಬೇಡ

ಟ್ರಾಲ್ ಬೋಟುಗಳು ಆಗಸ್ಟ್ 1ಕ್ಕೆ ಕಡಲಿಗಿಳಿಯಬೇಕಾದರೆ ಜುಲೈ ಕೊನೆಯ ವಾರದಲ್ಲೇ ಮಲ್ಪೆ ದಕ್ಕೆಗೆ, ಅಂದರೆ ಬೋಟು ನಿಲ್ಲುವ ಕಟ್ಟೆಗೆ, ಬೋಟಿನ ಕೆಲಸಗಾರರಾದ ಕಲಾಸಿಗಳು ಬಂದು ಸೇರಬೇಕು. ಒಡಿಶಾ, ಜಾರ್ಖಂಡ್, ಆಂಧ್ರದಿಂದ ಬರುವ ಇವರಿಗೂ ಬೋಟು ನಡೆಸುವ ಇಲ್ಲಿನ ತಾಂಡೇಲರಿಗೂ ನಡುವೆ ಇರುವುದು ಇಬ್ಬರಿಗೂ ಅರೆಬರೆ ಬರುವ ಹಿಂದಿ. ಉಡುಪಿ, ಮಣಿಪಾಲ, ಮಂಗಳೂರಿನ ಹೋಟೆಲ್ ಅಡುಗೆಮನೆಗಳಲ್ಲೂ ಕಟ್ಟಡದ ಸೈಟುಗಳಲ್ಲೂ ಪರಿಸ್ಥಿತಿ ಬೇರೆ ಇಲ್ಲ. ಹಾಗಾಗಿ ಮಾತು ಸಿಕ್ಕಿಬಿದ್ದ ಕೂಡಲೇ ಸೂಪರ್‌ವೈಸರ್ ಕಿಸೆಯಿಂದ ಫೋನ್ ತೆಗೆದು ಅನುವಾದದ ಆ್ಯಪ್ ತೆರೆಯುವುದು ಈಗ ಎಲ್ಲ ಕಡೆ ಕಾಣುತ್ತದೆ. ಈ ವಿಮರ್ಶೆ ಆ ಬಳಕೆಯ ಬಗ್ಗೆ. ಪ್ರವಾಸಿಗರು ಹೋಟೆಲ್ ದಾರಿ ಕೇಳುವುದು ಬೇರೆ, ದಿನವೂ ಒಟ್ಟಿಗೆ ಕೆಲಸ ಮಾಡುವ ಇಬ್ಬರು ಅದರ ಮೂಲಕ ಮಾತಾಡುವುದು ಬೇರೆ. ನಮಗೆ ಮುಖ್ಯವಾದದ್ದು ಎರಡನೆಯದು.

ಅಂಕ ಮೊದಲೇ ಕೊಟ್ಟುಬಿಡುತ್ತೇವೆ. ಮೊದಲೇ ಕೂತು ಟೈಪ್ ಮಾಡಿ ಸಿದ್ಧ ಮಾಡಿಟ್ಟುಕೊಳ್ಳುವ ವಾಕ್ಯಗಳಿಗೆ 5ಕ್ಕೆ 4. ಶಬ್ದ ಇಲ್ಲದ ಕೋಣೆಯಲ್ಲಿ ಎದುರುಬದುರು ಕೂತು ನಿಧಾನ ಮಾತಾಡಲಿಕ್ಕೆ 3. ಕೆಲಸ ನಡೆಯುತ್ತಿರುವಾಗ, ಇಂಜಿನೋ ಗ್ರೈಂಡರೋ ಓಡುತ್ತಿರುವಾಗ 1. ಸಂಬಳ, ಅಡ್ವಾನ್ಸ್, ಪಾಲಿನ ಮಾತಿಗೆ ಸೊನ್ನೆ. ಈ ಅಂಕಗಳು ಆ್ಯಪಿಗೆ ಎಷ್ಟು ಸೇರಿದ್ದೋ ಅದನ್ನು ಹಿಡಿದವರಿಗೂ ಅಷ್ಟೇ ಸೇರಿದ್ದು. ಹೇಳುವವರು ತಮ್ಮ ಕನ್ನಡವನ್ನು ಸರಿ ಮಾಡಿಕೊಂಡರೆ 3 ಇದ್ದದ್ದು 4 ಆಗುತ್ತದೆ. ಕೆಲಸ ಹೇಳುವವರೇ ಆ ಶ್ರಮ ತೆಗೆದುಕೊಳ್ಳಬೇಕು, ಕೆಲಸ ಕಲಿಯಲು ಬಂದವರಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಯಾವ ಭಾಷೆ ಎಂದು ಮೊದಲು ಕೇಳಿ

ಅರ್ಧ ತಪ್ಪು ಆಗುವುದು ಆ್ಯಪ್ ತೆರೆಯುವ ಮೊದಲೇ. ಉತ್ತರದಿಂದ ಬಂದವರೆಲ್ಲ ಹಿಂದಿಯವರು ಎಂದುಕೊಂಡು ಹಿಂದಿ ಆರಿಸಿಬಿಡುತ್ತೇವೆ. ಒಡಿಶಾದಿಂದ ಬಂದವರ ಮನೆಮಾತು ಒಡಿಯಾ ಆಗಿರಬೇಕೆಂದೂ ಇಲ್ಲ. ಪುರಿ, ಗಂಜಾಂ ಕರಾವಳಿಯ ನೋಲಿಯಾ ಮೀನುಗಾರರ ಮನೆಗಳಲ್ಲಿ ತೆಲುಗು ಉಂಟು. ಜಾರ್ಖಂಡಿನವರ ಮನೆಮಾತು ಸಂತಾಲಿ, ಮುಂಡಾರಿ, ನಾಗಪುರಿ ಯಾವುದೂ ಆಗಿರಬಹುದು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡಿ ಬೆಳೆದು ಶಾಲೆಯಲ್ಲಿ ಕನ್ನಡ ಕಲಿತ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ? ಯಾವ ಭಾಷೆ ಓದಲು ಬರುತ್ತದೆ?’ ಎಂದು ಎರಡು ಪ್ರಶ್ನೆ ಬೇರೆ ಬೇರೆ ಕೇಳಿ. ಮಾತು ಬಂದು ಓದು ಬಾರದವರಿಗೆ ಪರದೆಯ ಮೇಲಿನ ಅಕ್ಷರ ತೋರಿಸಿ ಪ್ರಯೋಜನ ಇಲ್ಲ, ಅವರಿಗೆ ಧ್ವನಿ ಬೇಕು.

ಯಾವ ಸೇವೆಯಲ್ಲಿ ಯಾವ ಭಾಷೆ ಸಿಗುತ್ತದೆ ಎಂಬುದಕ್ಕೂ ಹಿನ್ನೆಲೆ ಇದೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದದ್ದು 2011ರಲ್ಲಿ, ತೆಲುಗು, ತಮಿಳು, ಬಂಗಾಳಿಗಳ ಜೊತೆ. ಒಡಿಯಾ ಬಂದದ್ದು 2020ರಲ್ಲಿ, ಕೊಂಕಣಿ 2022ರಲ್ಲಿ, ತುಳು ಮತ್ತು ಸಂತಾಲಿ 2024ರ ಜೂನ್‌ನಲ್ಲಿ. ಕೇಂದ್ರ ಸರಕಾರದ ಅನುವಾದ ಸೇವೆ ಭಾಷಿಣಿ 2022ರ ಜುಲೈಯಲ್ಲಿ ಶುರುವಾಯಿತು; ಅದು ಕಣ್ಣಿಟ್ಟಿರುವುದು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳ ಮೇಲೆ. ಕೊಂಕಣಿ 1992ರಿಂದ ಆ ಪಟ್ಟಿಯಲ್ಲಿದೆ, ಸಂತಾಲಿಯೂ ಇದೆ. ತುಳು, ಬ್ಯಾರಿ ಇಲ್ಲ. ಬೋಟಿನ ಮೇಲೆ ದಿನವಿಡೀ ಕಿವಿಗೆ ಬೀಳುವ ಮಾತು ತುಳುವೇ ಆಗಿದ್ದರೂ ಅದನ್ನು ಹಿಡಿದು ದಾಟಿಸುವ ವ್ಯವಸ್ಥೆ ತೀರಾ ಹೊಸದು, ಕಲಿತಿರುವುದು ಕಡಿಮೆ. ಕೆಲಸದ ಮಟ್ಟಿಗೆ ತುಳುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಟೈಪ್ ಮಾಡುವುದೇ ಸದ್ಯಕ್ಕೆ ಕ್ಷೇಮ.

ಪಟ್ಟಿಯಲ್ಲಿ ಭಾಷೆಯ ಹೆಸರಿದ್ದ ಮಾತ್ರಕ್ಕೆ ಎಲ್ಲ ಸೌಲಭ್ಯ ಇರುವುದಿಲ್ಲ. ಭಾಷೆ ಆರಿಸಿದ ಮೇಲೆ ಮೂರು ಗುರುತು ನೋಡಿಕೊಳ್ಳಿ: ಮೈಕ್ ಬೆಳಗಿದೆಯೇ ಮಸುಕಾಗಿದೆಯೇ, ಸ್ಪೀಕರ್ ಗುರುತು ಇದೆಯೇ, ಭಾಷೆಯ ಹೆಸರಿನ ಪಕ್ಕ ಡೌನ್‌ಲೋಡ್ ಗುರುತು ಇದೆಯೇ. ಮೈಕ್ ಇಲ್ಲದಿದ್ದರೆ ಆ ಕಡೆಯವರು ಮಾತಾಡಿ ಉತ್ತರ ಕೊಡಲಾರರು. ಸ್ಪೀಕರ್ ಇಲ್ಲದಿದ್ದರೆ ಓದು ಬಾರದವರಿಗೆ ಅದು ಇಲ್ಲದ ಹಾಗೆಯೇ. ಡೌನ್‌ಲೋಡ್ ಇಲ್ಲದಿದ್ದರೆ ನೆಟ್‌ವರ್ಕ್ ಹೋದಲ್ಲಿಗೆ ಮುಗಿಯಿತು. ದಿನಗಟ್ಟಲೆ ಹೊರಕಡಲಲ್ಲಿರುವ ಬೋಟಿಗೆ ಇದು ಸಣ್ಣ ವಿಷಯ ಅಲ್ಲ. ಡೌನ್‌ಲೋಡ್ ಮಾಡಿದ್ದರೂ ದಕ್ಕೆಯಲ್ಲೇ ಏರೋಪ್ಲೇನ್ ಮೋಡ್ ಹಾಕಿ ಒಂದು ವಾಕ್ಯ ಟೈಪ್ ಮಾಡಿ, ಇನ್ನೊಂದು ಮಾತಾಡಿ ನೋಡಿ. ಟೈಪ್ ಮಾಡಿದ್ದು ನಡೆದು ಮಾತಾಡಿದ್ದು ನಡೆಯದೆ ಹೋಗುವುದು ಉಂಟು. ಅದು ಕಡಲಿನಲ್ಲಿ ಗೊತ್ತಾಗಬಾರದು.

ಆ್ಯಪಿಗೆ ಎಂಥ ಕನ್ನಡ ಬೇಕು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಕೆಡುವುದು ಹೆಚ್ಚಾಗಿ ಇಲ್ಲೇ. ಈ ಯಂತ್ರಗಳು ಕಲಿತದ್ದು ಪತ್ರಿಕೆ, ಸರಕಾರಿ ಕಾಗದ, ವೆಬ್‌ನಲ್ಲಿ ಸಿಗುವ ಬರಹದಿಂದ. ಅದೂ ಹೆಚ್ಚಿನ ಪಾಲು ಇಂಗ್ಲಿಷ್ ಜೊತೆ ಜೋಡಿಸಿದ ವಾಕ್ಯಗಳಿಂದ. ಕರಾವಳಿಯ ಮಾತು ಅದಕ್ಕೆ ಹೊಸತು.

ಒಂದು ವಾಕ್ಯವನ್ನು ಹತ್ತಿರದಿಂದ ನೋಡಿ. ‘ಈಗ ಬಲೆ ಹಾಕುವ’ ಎಂದು ತಾಂಡೇಲ ಹೇಳಿದರೆ ಇಲ್ಲಿನವರಿಗೆ ಅರ್ಥ ಸ್ಪಷ್ಟ, ಎಲ್ಲರೂ ಸೇರಿ ಹಾಕೋಣ ಎಂದು. ಪುಸ್ತಕದ ಕನ್ನಡದಲ್ಲಿ ‘ಬಲೆ ಹಾಕುವ’ ಎಂಬುದು ಮುಗಿಯದ ಮಾತು. ಮುಂದೆ ‘ಜನ’ ಎಂದೋ ‘ಹೊತ್ತು’ ಎಂದೋ ಬರಬೇಕು. ಯಂತ್ರ ಅದನ್ನು ಹಾಗೆಯೇ ಹಿಡಿದರೆ ಆ ಕಡೆಗೆ ಹೋಗುವುದು ‘ಬಲೆ ಹಾಕುವವನು’ ಎಂಬಂಥ ತುಂಡು ಮಾತು. ಕೇಳಿದವರು ಮುಂದಿನ ಮಾತಿಗೆ ಕಾಯುತ್ತಾ ನಿಲ್ಲುತ್ತಾರೆ, ಹೇಳಿದವರಿಗೆ ಇವರು ಯಾಕೆ ನಿಂತೇ ಇದ್ದಾರೆ ಎಂದು ಸಿಟ್ಟು ಬರುತ್ತದೆ. ‘ನಾವು ಈಗ ಬಲೆ ಹಾಕೋಣ’ ಎಂದು ಟೈಪ್ ಮಾಡಿದರೆ ಈ ತೊಂದರೆ ಇಲ್ಲ. ‘ಹೋಗುವ’, ‘ತಿನ್ನುವ’, ‘ನೋಡುವ’ ಎಲ್ಲದಕ್ಕೂ ಇದೇ ಮಾತು. ‘ಬರ್ಲಿಕ್ಕುಂಟು’, ‘ಮಾಡ್ಲಿಕ್ಕಿಲ್ಲ’ ಬದಲು ‘ಬರಬೇಕು’, ‘ಮಾಡಬಾರದು’.

ಎರಡನೆಯದು, ಯಾರು ಎಂಬುದನ್ನು ಬಿಡಬೇಡಿ. ‘ನಾಳೆ ಬರುವುದಿಲ್ಲ ಅಂತ ಹೇಳಿದ್ದಾರೆ’ ಎನ್ನುವಾಗ ಬರದಿರುವವರು ಯಾರು, ಹೇಳಿದವರು ಯಾರು ಎಂದು ನಮಗೆ ಸಂದರ್ಭದಿಂದ ತಿಳಿಯುತ್ತದೆ. ಯಂತ್ರಕ್ಕೆ ಸಂದರ್ಭ ಇಲ್ಲ. ಅದು ‘ನಾನು’, ‘ಅವನು’, ‘ನೀನು’ ಇವುಗಳಲ್ಲಿ ಒಂದನ್ನು ತಾನೇ ತುಂಬಿಕೊಳ್ಳುತ್ತದೆ. ‘ಐಸ್ ಲಾರಿಯ ಡ್ರೈವರ್ ನಾಳೆ ಬರುವುದಿಲ್ಲ. ಮಾಲೀಕರು ಇದನ್ನು ಹೇಳಿದ್ದಾರೆ.’ ಎರಡು ವಾಕ್ಯ, ಎರಡು ಹೆಸರು, ಸಂಶಯ ಇಲ್ಲ.

ಮೂರನೆಯದು ಊರಿನ ಹೆಸರುಗಳು. ಮೀನಿನ ಹೆಸರನ್ನು ಎಂದೂ ಅನುವಾದಕ್ಕೆ ಹಾಕಬಾರದು. ‘ಕಾಣೆ ಬೇರೆ ಇಡಿ’ ಎಂದರೆ ಯಂತ್ರಕ್ಕೆ ಕಾಣುವುದು ಮೀನಲ್ಲ, ಕಾಣೆಯಾದದ್ದು. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ, ಬೊಂಡಾಸ್ ಇವನ್ನು ಕಲಿಸುವ ದಾರಿ ಬೇರೆ: ಮೀನು ಕೈಯಲ್ಲಿ ಹಿಡಿದು ಹೆಸರು ಹೇಳುವುದು, ಅವರ ಕಡೆ ಏನೆನ್ನುತ್ತಾರೆಂದು ಕೇಳುವುದು, ಫೋಟೋ ತೆಗೆದು ಕೆಳಗೆ ಎರಡೂ ಹೆಸರು ಬರೆಯುವುದು. ಹರಾಜು ನಡೆಯುವುದು ಇಲ್ಲಿನ ಹೆಸರಿನಲ್ಲಿ. ಹಾಗಾಗಿ ಹೊಸಬರಿಗೂ ಇಲ್ಲಿನ ಹೆಸರೇ ಬರಬೇಕು, ಅದು ವಾರದೊಳಗೆ ಬಂದೇ ಬರುತ್ತದೆ.

ಅಡುಗೆಮನೆಯ ಮಾತಿಗೂ ಹೀಗೆಯೇ. ‘ಚಟ್ನಿ ಸ್ವಲ್ಪ ನೀರು ಮಾಡಿ’, ‘ಒಗ್ಗರಣೆ ಕೊಡಿ’, ‘ಹಿಟ್ಟು ಹುಳಿ ಬಂದಿದೆ’ ಇವೆಲ್ಲ ನಮ್ಮೊಳಗಿನ ಮಾತು. ಒಂದೊಂದನ್ನೂ ಕೈ ಮಾಡುವ ಕೆಲಸವಾಗಿ ಬಿಡಿಸಬೇಕು. ‘ಎಣ್ಣೆ ಬಿಸಿ ಮಾಡಿ. ಸಾಸಿವೆ ಹಾಕಿ. ಸಾಸಿವೆ ಸಿಡಿದ ಮೇಲೆ ಕರಿಬೇವು ಹಾಕಿ. ಈ ಎಣ್ಣೆಯನ್ನು ಸಾಂಬಾರಿಗೆ ಹಾಕಿ.’ ಉದ್ದವಾಯಿತು ಎನ್ನಿಸಬಹುದು, ಆದರೆ ಒಂದು ವಾಕ್ಯಕ್ಕೆ ಒಂದೇ ಕೆಲಸ, ಆರೇಳು ಪದ ಎಂಬ ಮಿತಿ ಇಟ್ಟುಕೊಂಡರೆ ತಪ್ಪು ಬಹಳ ಕಡಿಮೆಯಾಗುತ್ತದೆ. ‘ಚೂರು’, ‘ಸ್ವಲ್ಪ’, ‘ಹದಕ್ಕೆ’ ಬೇಡ. ಎಷ್ಟು ಚಮಚ, ಎಷ್ಟು ಸೌಟು, ಎಷ್ಟು ನಿಮಿಷ ಎಂದು ಅಂಕಿಯಲ್ಲಿ ಹಾಕಿ.

ದಿನ, ಹೊತ್ತಿನ ಮಾತಂತೂ ಅಂಕಿಯಲ್ಲೇ ಇರಬೇಕು. ಹಿಂದಿಯಲ್ಲಿ ನಿನ್ನೆಗೂ ನಾಳೆಗೂ ‘ಕಲ್’ ಎಂಬ ಒಂದೇ ಪದ. ಮೊನ್ನೆಗೂ ನಾಡಿದ್ದಿಗೂ ‘ಪರ್ಸೋಂ’ ಒಂದೇ. ಕ್ರಿಯಾಪದ ಸರಿ ಬಂದರೆ ಅರ್ಥವಾಗುತ್ತದೆ, ತಪ್ಪಿದರೆ ಇಲ್ಲ. ‘ನಾಡಿದ್ದು ಬೆಳಗಿನ ಜಾವ ನಾಲ್ಕೂವರೆಗೆ’ ಎನ್ನುವ ಬದಲು ‘ಆಗಸ್ಟ್ 12, ಬೆಳಿಗ್ಗೆ 4:30’ ಎಂದು ಟೈಪ್ ಮಾಡಿದರೆ ಯಾವ ಭಾಷೆಗೆ ಹೋದರೂ ಅಂಕಿ ಅಂಕಿಯಾಗಿಯೇ ಉಳಿಯುತ್ತದೆ.

‘ಬೇಡ’ ಎನ್ನುವುದನ್ನು ಬಾಯಲ್ಲಿ ಹೇಳಬೇಡಿ

ಎಲ್ಲಕ್ಕಿಂತ ಅಪಾಯದ ತಪ್ಪು ಇದು. ಕನ್ನಡದಲ್ಲಿ ನಿಷೇಧ ಇರುವುದು ಮಾತಿನ ಬಾಲದಲ್ಲಿ: ಹಾಕಬೇಡಿ, ಮುಟ್ಟಬೇಡಿ, ನಿಲ್ಲಬಾರದು. ಬಾಲಕ್ಕೆ ಬರುವಾಗ ಧ್ವನಿ ಇಳಿದಿರುತ್ತದೆ, ಬೆರಳು ಮೈಕ್ ಬಟನ್‌ನಿಂದ ಎದ್ದಿರುತ್ತದೆ, ಅಥವಾ ನಡುವೆ ಉಸಿರು ತೆಗೆದದ್ದನ್ನೇ ಮಾತು ಮುಗಿಯಿತು ಎಂದು ಯಂತ್ರ ತಿಳಿದಿರುತ್ತದೆ. ಆಗ ‘ಹಾಕಬೇಡಿ’ ಎಂಬುದು ‘ಹಾಕಿ’ ಆಗಿ ಹೋಗಬಹುದು. ಮಠದ ಕ್ರಮದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಮಾಡುವ ಅಡುಗೆಯಲ್ಲಿ ಇದರಿಂದ ಒಂದು ಕೊಪ್ಪರಿಗೆ ಸಾರು ಹಾಳು. ಬಲೆ ಎಳೆಯುವ ಯಂತ್ರವಾದ ವಿಂಚ್ ಹತ್ತಿರವಾದರೆ ಬೆರಳೇ ಹೋದೀತು.

ಆದ್ದರಿಂದ ಮಾಡಬಾರದ್ದನ್ನು ಯಾವಾಗಲೂ ಟೈಪ್ ಮಾಡಿ, ಟೈಪ್ ಮಾಡಿದ್ದರಲ್ಲೂ ಒಂದು ವಾಕ್ಯಕ್ಕೆ ಒಂದೇ ‘ಬೇಡ’. ‘ಈರುಳ್ಳಿ ಬೆಳ್ಳುಳ್ಳಿ ಹಾಕದ ಸಾರಿಗೆ ಈ ಸೌಟು ತಾಗಿಸಬೇಡಿ’ ಎಂಬ ಜೋಡಿ ನಿಷೇಧ ಯಂತ್ರಕ್ಕೆ ಗೋಜಲು. ‘ಈ ಪಾತ್ರೆಗೆ ಈರುಳ್ಳಿ ಹಾಕಬೇಡಿ. ಬೆಳ್ಳುಳ್ಳಿ ಹಾಕಬೇಡಿ. ಈ ಪಾತ್ರೆಗೆ ಈ ಸೌಟು ಮಾತ್ರ.’ ಜೊತೆಗೆ ಆ ಪಾತ್ರೆಯ ಮೇಲೆ ಒಂದು ಬಣ್ಣದ ಟೇಪ್ ಅಂಟಿಸಿ. ಟೇಪ್‌ಗೆ ಭಾಷೆ ಬೇಕಾಗಿಲ್ಲ.

ಕೂಡಲೇ ಆಗಬೇಕಾದ ಆಜ್ಞೆಗಳಿಗೆ ಆ್ಯಪ್ ಬೇಡವೇ ಬೇಡ. ನಿಲ್ಲಿಸು, ಹಿಂದೆ ಸರಿ, ಕೈ ತೆಗೆ, ಬಿಡು, ಎಳೆ, ಬಗ್ಗು: ಇಂಥ ಹತ್ತು ಪದಕ್ಕೆ ಒಂದೇ ಭಾಷೆ ಗೊತ್ತುಮಾಡಿ, ಪ್ರತಿಯೊಂದಕ್ಕೂ ಒಂದು ಕೈಸನ್ನೆ ಗೊತ್ತುಮಾಡಿ, ಬೋಟು ಹೊರಡುವ ಮೊದಲು ಎಲ್ಲರಿಂದಲೂ ಮಾಡಿಸಿ. ತುಳುವಾದರೂ ಸರಿ, ಹಿಂದಿಯಾದರೂ ಸರಿ, ಬೆರಕೆ ಮಾತ್ರ ಬೇಡ. ‘ಬಿಡಿ’ ಎನ್ನಲು ಒಬ್ಬರು ತುಳುವಿನಲ್ಲಿ ‘ಬುಡ್ಲೆ’ ಎಂದು ಇನ್ನೊಬ್ಬರು ಹಿಂದಿಯಲ್ಲಿ ‘ಛೋಡೋ’ ಎಂದರೆ ಹಗ್ಗ ಹಿಡಿದವರು ಯಾರ ಮಾತು ಕೇಳಬೇಕು?

ಗದ್ದಲ ಮತ್ತು ಮೈಕ್

ಐಸ್ ಪುಡಿ ಮಾಡುವ ಯಂತ್ರ, ಗ್ರೈಂಡರ್, ಎಕ್ಸಾಸ್ಟ್ ಫ್ಯಾನ್, ಜುಲೈ ಮಳೆ ಬೀಳುವ ತಗಡಿನ ಮಾಡು, ಇವುಗಳ ಕೆಳಗೆ ಧ್ವನಿ ಹಿಡಿಯುವುದು ಯಾವ ಫೋನಿಗೂ ಕಷ್ಟ. ಫೋನಿನ ಮುಖ್ಯ ಮೈಕ್ ಸಾಮಾನ್ಯವಾಗಿ ಕೆಳತುದಿಯಲ್ಲಿ, ಚಾರ್ಜರ್ ತೂತಿನ ಪಕ್ಕ ಇರುತ್ತದೆ. ಆ ತುದಿ ಬಾಯಿಯಿಂದ ಒಂದು ಗೇಣು ದೂರ ಇರಲಿ, ಅಂಗೈ ಅದನ್ನು ಮುಚ್ಚದಿರಲಿ. ಕೂಗಬೇಡಿ, ಕೂಗಿದರೆ ಶಬ್ದ ಒಡೆದು ಇನ್ನೂ ಕೆಡುತ್ತದೆ. ಮಾತು ಗುರುತಿಸಿದ ಕೂಡಲೇ ಪರದೆಯಲ್ಲಿ ನಿಮ್ಮ ಕನ್ನಡ ವಾಕ್ಯವೇ ಮೊದಲು ಮೂಡುತ್ತದೆ; ಅನುವಾದ ನೋಡುವ ಮೊದಲು ಅದನ್ನು ಓದಿ. ಅದೇ ತಪ್ಪಿದ್ದರೆ ಮುಂದಿನದು ಸರಿ ಇರಲು ಸಾಧ್ಯವೇ ಇಲ್ಲ. ಹೆಚ್ಚಿನವರು ಈ ಹಂತವನ್ನು ಹಾರಿಬಿಡುತ್ತಾರೆ.

ಸಂಭಾಷಣೆಯ ಪರದೆಯಲ್ಲಿ ಎರಡು ಭಾಷೆಗೆ ಎರಡು ಬಟನ್, ನಡುವೆ ತಾನೇ ಭಾಷೆ ಗುರುತಿಸುವ ಬಟನ್ ಇರುತ್ತದೆ. ನಡುವಿನದನ್ನು ಬಿಡಿ. ಕನ್ನಡದೊಳಗೆ ಇಂಗ್ಲಿಷ್, ಹಿಂದಿ ಪದ ಬೆರೆತಾಗ ಅದಕ್ಕೆ ಯಾರ ಸರದಿ ಎಂದು ತಿಳಿಯುವುದಿಲ್ಲ. ತಮ್ಮ ತಮ್ಮ ಬಟನ್ ಒತ್ತಿ ಮಾತಾಡಿದರೆ ನಿಧಾನವಾದರೂ ಸರದಿ ತಪ್ಪುವುದಿಲ್ಲ. ಉಪ್ಪುನೀರು, ಹಿಟ್ಟು ಮೆತ್ತಿದ ಬೆರಳಿಗೆ ಟಚ್ ಸರಿ ಕೆಲಸ ಮಾಡದು, ಫೋನನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿದರೆ ಮೇಲಿನಿಂದಲೇ ಒತ್ತಬಹುದು. ಕವರ್ ಒಳಗೆ ಧ್ವನಿ ಮಂದ ಎಂಬುದು ನೆನಪಿರಲಿ, ಆಗ ಟೈಪೇ ಗತಿ.

ಸರಿ ಹೋಯಿತೇ ಎಂದು ತಿಳಿಯುವುದು ಹೇಗೆ

ಬಂದ ಅನುವಾದವನ್ನು ತಿರುಗಿಸಿ ಕನ್ನಡಕ್ಕೆ ತಂದು ನೋಡುವ ಅಭ್ಯಾಸ ಒಳ್ಳೆಯದು. ಮೇಲೆ ಕೆಳಗೆ ಬದಲಿಸುವ ಬಾಣದ ಗುರುತು ಒತ್ತಿದರೆ ಸಾಕು. ತಿರುಗಿ ಬಂದದ್ದು ಕೆಟ್ಟಿದ್ದರೆ ವಾಕ್ಯ ಬದಲಿಸಿ. ಆದರೆ ತಿರುಗಿ ಬಂದದ್ದು ಚೆನ್ನಾಗಿದ್ದರೆ ಅನುವಾದ ಸರಿ ಎಂದೇನೂ ಸಾಬೀತಾಗುವುದಿಲ್ಲ. ಹೋಗುವಾಗ ಮಾಡಿದ ತಪ್ಪನ್ನೇ ಬರುವಾಗ ಅದೇ ಯಂತ್ರ ಮುಚ್ಚಿಬಿಡಬಹುದು. ಗೌರವದ ರೂಪ ತಪ್ಪಿದ್ದರೆ ಈ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ.

ನಿಜವಾದ ಪರೀಕ್ಷೆ ಎದುರಿನವರ ಕೈಯಲ್ಲಿದೆ. ‘ಗೊತ್ತಾಯ್ತಾ?’ ಎಂದು ಕೇಳಿದರೆ ಯಾವ ಊರಿನವರಾದರೂ ‘ಹಾಂ’ ಎನ್ನುತ್ತಾರೆ. ಹೊಸ ಜಾಗ, ಕರೆತಂದ ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದಾರೆ, ಗೊತ್ತಾಗಲಿಲ್ಲ ಎನ್ನಲು ಯಾರಿಗೆ ಧೈರ್ಯ ಬರುತ್ತದೆ? ಹೌದು ಎಂದು ಉತ್ತರಿಸಿ ಮುಗಿಸಬಹುದಾದ ಪ್ರಶ್ನೆಯನ್ನೇ ಕೇಳಬಾರದು. ‘ಎಷ್ಟು ಬಾಕ್ಸ್?’, ‘ಯಾವ ಪಾತ್ರೆ?’, ‘ಮೊದಲು ಯಾವುದು?’ ಎಂದು ಕೇಳಿ. ಬೆರಳು ಎತ್ತಿ ತೋರಿಸಲಿ, ಪಾತ್ರೆ ಮುಟ್ಟಿ ತೋರಿಸಲಿ, ಒಂದು ಸಲ ಮಾಡಿ ತೋರಿಸಲಿ. ತಪ್ಪಾದರೆ ‘ನನ್ನ ಫೋನ್ ತಪ್ಪು ಹೇಳಿತು’ ಎಂದು ಮೊದಲು ನೀವೇ ಹೇಳಿಬಿಡಿ, ಅವರ ಮುಖ ಉಳಿಯುತ್ತದೆ. ಮುಂದಿನ ಸಲ ಗೊತ್ತಾಗದಿದ್ದಾಗ ಅವರೇ ಹೇಳುತ್ತಾರೆ.

ಕಾರ್ಡ್: ಆ್ಯಪಿನ ಅತ್ಯುತ್ತಮ ಉಪಯೋಗ

4 ಅಂಕ ಕೊಟ್ಟದ್ದು ಇದಕ್ಕೆ. ನಿಮ್ಮ ಕೆಲಸದಲ್ಲಿ ದಿನಾ ಹೇಳಬೇಕಾಗುವ ವಾಕ್ಯಗಳು ಎಣಿಸಿದರೆ 20–25 ದಾಟುವುದಿಲ್ಲ. ಸಂಜೆ ಕೂತು ಅವನ್ನು ಮೇಲೆ ಹೇಳಿದ ಕನ್ನಡದಲ್ಲಿ ಟೈಪ್ ಮಾಡಿ, ಅನುವಾದ ತೆಗೆದು, ನಕ್ಷತ್ರದ ಗುರುತು ಒತ್ತಿ ಉಳಿಸಿಡಿ. ಆಮೇಲೆ ಎರಡೂ ಭಾಷೆ ಚೆನ್ನಾಗಿ ಬರುವ ಒಬ್ಬರಿಗೆ ತೋರಿಸಿ ತಿದ್ದಿಸಿ. ನಾಲ್ಕೈದು ವರ್ಷದಿಂದ ಇಲ್ಲೇ ಇರುವ, ತುಳು ಕಲಿತ ಒಡಿಯಾ ಕಲಾಸಿಗಳು ದಕ್ಕೆಯಲ್ಲಿ ಸಿಗುತ್ತಾರೆ. ಅವರ ಅರ್ಧ ಗಂಟೆ ಸಮಯಕ್ಕೆ ಹಣ ಕೊಡಿ, ಅದೂ ಕೆಲಸವೇ. ತಿದ್ದಿದ್ದನ್ನು ಎ4 ಹಾಳೆಯಲ್ಲಿ ಮೂರು ಸಾಲಾಗಿ ಪ್ರಿಂಟ್ ತೆಗೆಯಿರಿ: ಎಡಕ್ಕೆ ಕನ್ನಡ, ನಡುವೆ ಅವರ ಭಾಷೆ ಅವರ ಲಿಪಿಯಲ್ಲಿ, ಬಲಕ್ಕೆ ಅವರ ಭಾಷೆಯ ಉಚ್ಚಾರ ಕನ್ನಡ ಲಿಪಿಯಲ್ಲಿ. ಬಲಗಡೆಯದು ಇರುವುದರಿಂದ ತಾಂಡೇಲರೋ ಅಡುಗೆಯ ಭಟ್ರೋ ತಮ್ಮ ಬಾಯಿಂದಲೇ ಹೇಳಬಹುದು. ಲ್ಯಾಮಿನೇಷನ್ ಮಾಡಿಸಿ ಬೋಟು ನಡೆಸುವ ಕೋಣೆಯಾದ ವೀಲ್‌ಹೌಸ್‌ನಲ್ಲೋ ಅಡುಗೆಮನೆಯ ಗೋಡೆಯಲ್ಲೋ ತೂಗುಹಾಕಿ. ಇದಕ್ಕೆ ನೆಟ್‌ವರ್ಕ್ ಬೇಡ, ಚಾರ್ಜ್ ಬೇಡ, ಒದ್ದೆ ಕೈಯಲ್ಲೂ ಹಿಡಿಯಬಹುದು.

ಕಾರ್ಡಿನ ಮೇಲ್ಭಾಗದಲ್ಲಿ ಆದೇಶಗಳನ್ನು ಹಾಕಬೇಡಿ. ಅವರು ನಿಮಗೆ ಹೇಳಬೇಕಾದದ್ದನ್ನು ಮೊದಲು ಹಾಕಿ: ನನಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ತೋರಿಸಿ. ನನಗೆ ಹುಷಾರಿಲ್ಲ. ಇಲ್ಲಿ ನೋವಾಗುತ್ತಿದೆ. ನನಗೆ ಊರಿಗೆ ಫೋನ್ ಮಾಡಬೇಕು. ನನಗೆ ವಿಶ್ರಾಂತಿ ಬೇಕು. ಬೋಟಿನ ಕಾರ್ಡಿಗೆ ತುರ್ತು ಸಂಖ್ಯೆ 112 ಮತ್ತು ಕೋಸ್ಟ್ ಗಾರ್ಡಿನ 1554 ಎರಡನ್ನೂ ದೊಡ್ಡ ಅಂಕಿಯಲ್ಲಿ ಹಾಕಿ. ಜೊತೆಗೆ ಮೊದಲ ದಿನವೇ ಓದಿ ಹೇಳಬೇಕಾದ ಒಂದು ಮಾತು: ‘ಇಂಜಿನ್ ಶಬ್ದ ಜೋರು. ಅದಕ್ಕೆ ನಾವು ಜೋರಾಗಿ ಮಾತಾಡುತ್ತೇವೆ. ಇದು ಬೈಗುಳ ಅಲ್ಲ.’ ಬೋಟಿನ ಮೇಲಿನ ಕೂಗು ಕೇಳಿ ಅಭ್ಯಾಸ ಇಲ್ಲದ ಹುಡುಗರು ಇದನ್ನು ಬೈಗುಳ ಎಂದುಕೊಂಡು ಮೊದಲ ಟ್ರಿಪ್ ಮುಗಿಸಿ ಊರಿಗೆ ಹೊರಟುಬಿಡುತ್ತಾರೆ.

ಗೌರವ, ಊಟ, ಊರಿನ ಮಾತು

ಆ್ಯಪ್ ದಾಟಿಸಲಾರದ್ದು ಇದನ್ನೇ. ‘ನೀನು’, ‘ನೀವು’ ಎರಡೂ ಇಂಗ್ಲಿಷ್‌ನಲ್ಲಿ ಒಂದೇ ಆದ್ದರಿಂದ, ಇಂಗ್ಲಿಷ್ ಜೊತೆ ಜೋಡಿಸಿ ಕಲಿತ ಯಂತ್ರದಲ್ಲಿ ಗೌರವ ದಾರಿಯಲ್ಲೇ ಕಳೆದುಹೋಗುವುದುಂಟು. ಒಡಿಯಾದಲ್ಲಿ ಆಪಣ, ತುಮೆ, ತು ಎಂದು ಮೂರು ಮೆಟ್ಟಿಲು, ಹಿಂದಿಯಲ್ಲೂ ಮೂರು. ನೀವು ‘ಐಸ್ ಹಾಕಿ’ ಎಂದು ಮರ್ಯಾದೆಯಿಂದ ಟೈಪ್ ಮಾಡಿದ್ದು ಹಿಂದಿಯಲ್ಲಿ ‘ಡಾಲೋ’ ಆಗಬಹುದು, ‘ಡಾಲಿಯೇ’ ಆಗಬಹುದು. ಕೊನೆಯ ಅಕ್ಷರ ನೋಡಿಕೊಳ್ಳಿ. ವಾಕ್ಯದ ಮೊದಲಿಗೆ ‘ದಯವಿಟ್ಟು ನೀವು’ ಸೇರಿಸಿದರೆ ಗೌರವದ ರೂಪ ಬರುವ ಸಾಧ್ಯತೆ ಹೆಚ್ಚು. ನಿಮಗಿಂತ ದೊಡ್ಡ ವಯಸ್ಸಿನ ಕಲಾಸಿಗೆ ಇಪ್ಪತ್ತೈದರ ಸೂಪರ್‌ವೈಸರ್ ಫೋನಿನಿಂದ ‘ತು’ ಎಂದು ಹೋದರೆ ಅದು ಯಂತ್ರದ ತಪ್ಪು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಇನ್ನು ಎಲ್ಲರನ್ನೂ ‘ಏ ಭಯ್ಯಾ’ ಎಂದು ಕರೆಯುವುದನ್ನು ಬಿಟ್ಟು ಹೆಸರು ಕೇಳಿ, ಕನ್ನಡದಲ್ಲಿ ಬರೆದುಕೊಂಡು, ಅವರ ಎದುರೇ ಉಚ್ಚರಿಸಿ ಸರಿಯೇ ಎಂದು ಕೇಳಿ. ಇದಕ್ಕೆ ಆ್ಯಪ್ ಬೇಕಾಗಿಲ್ಲ.

ಬಿಡುವಿನ ಮಾತಿಗೆ ಮಾತ್ರ ಆ್ಯಪ್ ಚೆನ್ನಾಗಿದೆ, ತಪ್ಪಿದರೂ ನಷ್ಟ ಇಲ್ಲವಲ್ಲ. ಏನು ಮಾತಾಡುವುದು ಎಂದು ಹುಡುಕಬೇಕಾಗಿಯೂ ಇಲ್ಲ. ನಮ್ಮ ಕುಚ್ಚಲಕ್ಕಿ ಗಂಜಿಯ ಹಾಗೆ ಒಡಿಶಾದವರಿಗೆ ಪಖಾಳ, ನೀರಿನಲ್ಲಿ ನೆನೆಸಿಟ್ಟು ಸ್ವಲ್ಪ ಹುಳಿ ಬಂದ ಅನ್ನ. ಒಣಮೀನು ಅವರಿಗೂ ಬೇಕು. ಉಡುಪಿಗೆ ಕೃಷ್ಣ, ಪುರಿಗೆ ಜಗನ್ನಾಥ. ಎರಡೂ ಕಡೆ ರಥ ಎಳೆಯುತ್ತಾರೆ. ಮೀನುಗಾರಿಕೆಗೆ ರಜೆಯೂ ಎರಡೂ ಕಡೆ 61 ದಿನ, ತಿಂಗಳು ಮಾತ್ರ ಬೇರೆ: ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31, ಅವರ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14. ಕಡಲ ಕೆಲಸ ಗೊತ್ತಿದ್ದವರು ಅಲ್ಲಿ ಯಾವ ಬಲೆ, ಯಾವ ಮೀನು ಎಂದು ಕೇಳಿದರೆ ಸಾಕು, ಮಾತು ತಾನೇ ಬೆಳೆಯುತ್ತದೆ. ಹೀಗೆ ನಾಲ್ಕು ಸಂಜೆ ಕೂತವರಿಗೆ ಐದನೆಯ ದಿನ ಕೆಲಸದ ಮಾತು ಅರ್ಧ ಸುಲಭ. ತಮಾಷೆಯನ್ನು ಮಾತ್ರ ಫೋನಿಗೆ ಹೇಳಬೇಡಿ. ಧ್ವನಿಯ ಏರಿಳಿತ ಹೋದ ಮೇಲೆ ಲೇವಡಿಯೊಂದೇ ಉಳಿಯುತ್ತದೆ.

ಹಣದ ಮಾತು

ಸೊನ್ನೆ ಕೊಟ್ಟದ್ದಕ್ಕೆ ಕಾರಣ ಹೇಳಬೇಕು. ಬೋಟಿನ ಲೆಕ್ಕದಲ್ಲಿ ಸಂಬಳ, ಬಾಟಾ (ಭತ್ಯೆ), ಮೀನಿನ ಮೇಲಿನ ಪಾಲು, ಮೊದಲೇ ಕೊಟ್ಟ ಅಡ್ವಾನ್ಸ್, ಅದರಲ್ಲಿ ಹಿಡಿಯುವುದು, ಊರಿಗೆ ಕಳಿಸಿದ್ದು ಎಲ್ಲ ಒಟ್ಟಿಗೆ ಬರುತ್ತದೆ. ‘ಪಾಲು’, ‘ಹಿಡಿಯುವುದು’, ‘ಮುರಿಯುವುದು’ ಇವಕ್ಕೆ ಬೇರೆ ಬೇರೆ ಅರ್ಥ ಉಂಟು, ಯಂತ್ರ ಯಾವುದನ್ನು ಹಿಡಿಯುತ್ತದೆ ಎಂದು ಹೇಳಲಾಗದು. ಬಾಯಲ್ಲಿ ಹೇಳಿದ ಅಂಕಿಯೂ ಜಾರಬಹುದು. ಇಲ್ಲಿ ಆಗುವ ತಪ್ಪು ತಪ್ಪಾಗಿ ಉಳಿಯದೆ ಮೋಸ ಎನಿಸಿಕೊಳ್ಳುತ್ತದೆ. ಎರಡೂ ಭಾಷೆ ಬಲ್ಲ, ಅವರಿಗೆ ನಂಬಿಕೆ ಇರುವ ಒಬ್ಬರನ್ನು ಕೂರಿಸಿ. ನಿಮ್ಮ ಮೇಸ್ತ್ರಿಯನ್ನೇ ಅಲ್ಲ. ಕಾಗದದ ಮೇಲೆ ತಾರೀಕು, ಒಟ್ಟು, ಕೊಟ್ಟದ್ದು, ಬಾಕಿ ನಾಲ್ಕನ್ನೂ ಅಂಕಿಯಲ್ಲಿ ಬರೆದು, ಅದರ ಫೋಟೋ ಅವರ ಫೋನಿಗೂ ಕಳಿಸಿ.

ಫೋನ್ ಯಾರದು

ಇದನ್ನು ಯಾರೂ ಗಮನಿಸುವುದಿಲ್ಲ. ಆ್ಯಪ್ ಯಾವಾಗಲೂ ಸೂಪರ್‌ವೈಸರ್ ಕೈಯಲ್ಲಿದ್ದರೆ ಮಾತು ಶುರು ಮಾಡುವವರೂ ನಿಲ್ಲಿಸುವವರೂ ಅವರೇ. ಹೇಳಿಸಿಕೊಳ್ಳುವವರು ಹೇಳಿಸಿಕೊಳ್ಳುತ್ತಲೇ ಇರಬೇಕು. ಫೋನನ್ನು ಇಬ್ಬರ ನಡುವೆ ಮೇಜಿನ ಮೇಲೆ ಇಡಿ, ಅವರ ಬಟನ್ ಯಾವುದೆಂದು ಮೊದಲು ತೋರಿಸಿ. ಸಾಧ್ಯವಾದರೆ ಅವರ ಫೋನಿನಲ್ಲೂ ಅದೇ ಆ್ಯಪ್ ಹಾಕಿಸಿ, ಕನ್ನಡದ ಪ್ಯಾಕ್ ಡೌನ್‌ಲೋಡ್ ಮಾಡಿಸಿ. ಬಸ್ಸಿನ ಬೋರ್ಡ್, ಮಾತ್ರೆಯ ಪಟ್ಟಿ, ಅಂಗಡಿಯ ಹೆಸರು ಇವನ್ನು ಕ್ಯಾಮೆರಾ ಹಿಡಿದು ಓದಿಸಿಕೊಳ್ಳಲು ಅವರಿಗೆ ಅದು ಬೇಕೇ ಬೇಕು. ಅಚ್ಚಾದ ಅಕ್ಷರ ಚೆನ್ನಾಗಿ ಹಿಡಿಯುತ್ತದೆ. ಕೈಬರಹದ ಚೀಟಿಯನ್ನು ನಂಬಬಾರದು.

ಆಡಿದ ಮಾತು ಇತಿಹಾಸದ ಪಟ್ಟಿಯಲ್ಲಿ ಉಳಿದಿರುತ್ತದೆ ಎಂಬುದೂ ಗೊತ್ತಿರಲಿ. ಒಬ್ಬರ ಕಾಯಿಲೆಯ ಮಾತು, ಮನೆಯ ಕಷ್ಟದ ಮಾತು ಆ ಫೋನಿನಲ್ಲಿ ಇನ್ನೊಬ್ಬರು ನೋಡುವ ಹಾಗೆ ಬಿದ್ದಿರಬಾರದು. ಆ ಮಾತು ಮುಗಿದ ಕೂಡಲೇ ಅವರೆದುರೇ ಅಳಿಸಿ.

ಕಾರ್ಡಿನ ಬಗ್ಗೆ ಒಂದು ಮಾತು ಬಾಕಿ ಉಂಟು. ಲ್ಯಾಮಿನೇಷನ್ ಮೇಲೂ ಬರೆಯುವ ಪರ್ಮನೆಂಟ್ ಮಾರ್ಕರ್ ಒಂದನ್ನು ದಾರ ಕಟ್ಟಿ ಅದರ ಪಕ್ಕದಲ್ಲೇ ತೂಗುಹಾಕಿ. ನಡುವಿನ ಸಾಲಿನಲ್ಲಿ ತಮ್ಮ ಭಾಷೆ ತಪ್ಪಾಗಿ ಕಂಡಲ್ಲಿ ಅವರೇ ಗೀಟು ಹಾಕಿ ತಿದ್ದಲಿ. ಮಳೆಗಾಲದ ರಜೆಗೆ ಊರಿಗೆ ಹೊರಡುವ ಮೊದಲು, ಮೇ ಕೊನೆಯಲ್ಲಿ, ಆ ಹಾಳೆ ಇಳಿಸಿ ತಿದ್ದಿದ್ದನ್ನೆಲ್ಲ ಸೇರಿಸಿ ಹೊಸ ಪ್ರಿಂಟ್ ಮಾಡಿಸಿಟ್ಟುಕೊಂಡರೆ ಆಗಸ್ಟ್‌ನಲ್ಲಿ ಬರುವ ಹೊಸಬರಿಗೆ ಅದೇ ಸಾಕಾಗುತ್ತದೆ.